ಆಚಾರ್ರ ಕಂಬ

ಆಚಾರ್ರ ಹುಬ್ಬಿನಲ್ಲಿ ಸದಾ ಮರದ ಪುಡಿ ಇರುತ್ತಿತ್ತು. ದಪ್ಪ ಹುಬ್ಬು, ಎರಡೂ ನಡುವೆ ಬಂದು ಕೂಡಿಕೊಂಡ ಹುಬ್ಬು, ಅದರ ತುಂಬ ತೇಗದ್ದೋ ಹಲಸಿನದ್ದೋ ಹಳದಿ ಪುಡಿ. ಸಿಟ್ಟು ಬಂದಾಗ ಹುಬ್ಬು ಮೇಲೇರುತ್ತಿತ್ತು, ಪುಡಿ ಉದುರುತ್ತಿತ್ತು. ಅವರಿಗೆ ಸಿಟ್ಟು ದಿನವಿಡೀ ಬರುತ್ತಿದ್ದುದರಿಂದ ನಾನು ಕಾಫಿ ಕೊಡುವಾಗ ಲೋಟದ ಮೇಲೊಂದು ತಟ್ಟೆ ಮುಚ್ಚಿ ಕೊಡುತ್ತಿದ್ದೆ. "ಇದ್ಯಾಕಮ್ಮ ಮುಚ್ಚಳ, ನಾನೇನು ನೊಣವಾ?" ಅಂತ ಅದಕ್ಕೂ ಒಂದು ಸಿಟ್ಟು.

ನಾನು ಆ ಊರಿಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು, ನಾಲೆ ಏರಿಯ ಮೇಲೆ ನಡೆದು ಹೋದರೆ ಕಬ್ಬಿನ ಗದ್ದೆಗಳ ಮಧ್ಯೆ ನಮ್ಮೂರು. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನನಗೆ ಊರಿನ ಪ್ರೈಮರಿ ಶಾಲೆಗೇ ವರ್ಗವಾಯಿತು, ಅದು ನನ್ನ ಪುಣ್ಯ. ಊರಲ್ಲಿ ನಮ್ಮ ಕ್ರೈಸ್ತರದು ಒಂದು ಬೀದಿ, ಉಳಿದದ್ದೆಲ್ಲ ಒಕ್ಕಲಿಗರ ಮನೆಗಳು, ಎರಡಕ್ಕೂ ನಡುವೆ ಗಡಿಕಲ್ಲಿನ ಹಾಗೆ ಮರಗೆಲಸದ ಆಚಾರ್ರ ಮನೆ. ನಮ್ಮ ಬೀದಿಯ ತುದಿಗೆ ಮರದ ಚರ್ಚು.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಎತ್ತರದ ಕಲ್ಲಿನ ಚರ್ಚು ನೋಡಿ ಬೆಳೆದವಳಿಗೆ ಇದನ್ನು ಮೊದಲು ನೋಡಿದಾಗ ನಗು ಬಂದಿತ್ತು. ನಮೂನೆಯೆಲ್ಲ ಅದೇ. ಚೂಪು ಗೋಪುರ, ಚೂಪು ಕಮಾನು, ಉದ್ದುದ್ದ ಕಿಟಕಿ, ಕಿಟಕಿಯ ನೆತ್ತಿಯಲ್ಲಿ ಹೂವಿನ ಕುಸುರಿ. ಆದರೆ ಎಲ್ಲವೂ ಮರ. ಓದಿದವರು ಗೋಥಿಕ್ ಶೈಲಿ ಅನ್ನುತ್ತಿದ್ದರು, ಊರವರು ಕೈಮುಗಿದ ಕಮಾನು ಅನ್ನುತ್ತಿದ್ದರು. ಎಲೆ ಬಳ್ಳಿ ಇರಬೇಕಾದ ಕಡೆ ಬಾಳೆಮೂತಿ ಕೆತ್ತಿದ್ದರು. ಪೀಠದ ಪಕ್ಕದಲ್ಲಿ ನಿಂತ ದೇವದೂತನ ಕಿವಿಯಲ್ಲಿ ನಮ್ಮ ಕಡೆಯ ಗಂಡಸರು ಹಾಕಿಕೊಳ್ಳುವ ಒಂಟಿ ಇತ್ತು. ಒಳಗೆ ಎರಡು ಸಾಲಿನಲ್ಲಿ ಹನ್ನೆರಡು ಕಂಬ, ಒಂದು ಕೆಂಪಗೆ, ಒಂದು ಕಪ್ಪಗೆ, ಇನ್ನೊಂದು ಅರಿಶಿನದ ಬಣ್ಣಕ್ಕೆ. ಪ್ರತಿಯೊಂದರಲ್ಲೂ ಎದೆಯ ಎತ್ತರಕ್ಕೆ ಏನೋ ಒಂದು ಗುರುತು ಕೊರೆದಿತ್ತು. ಒಂದರಲ್ಲಿ ನೇಗಿಲು, ಒಂದರಲ್ಲಿ ಮೀನು, ಒಂದರಲ್ಲಿ ತೆಂಗಿನ ಗರಿ. ಯಾವುದೋ ತುಂಟ ಮಕ್ಕಳ ಕೆಲಸ ಅಂದುಕೊಂಡಿದ್ದೆ.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಒಂದು ವಾರ ಮುಂಚೆ, ಗರಿಗಳ ಭಾನುವಾರದ ಹಿಂದಿನ ದಿನ, ಊರಲ್ಲಿ ಎಣ್ಣೆ ಶನಿವಾರ. ಪ್ರತಿ ಮನೆಯವರೂ ಹೊಂಗೆ ಎಣ್ಣೆ ತಂದು ಕಂಬಗಳಿಗೆ ತಿಕ್ಕುತ್ತಿದ್ದರು, ಗೆದ್ದಲು ಹತ್ತಬಾರದು ಅಂತ. ಆ ಕಹಿ ವಾಸನೆ ತಲೆಗೆ ಏರಿದರೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಮದುವೆಯಾದ ಮೊದಲ ವರ್ಷ ಅತ್ತೆ ನನ್ನ ಕೈಗೆ ಬಟ್ಟೆ ಕೊಟ್ಟು ತೆಂಗಿನ ಗರಿಯ ಕಂಬ ತೋರಿಸಿದರು. ನಾನು ಹೊಸ ಸೊಸೆ, ಚುರುಕು ತೋರಿಸಬೇಕಲ್ಲ, ನಮ್ಮದು ಮುಗಿಸಿ ಉಳಿದ ಎಣ್ಣೆಯನ್ನು ಪಕ್ಕದ ನೇಗಿಲ ಕಂಬಕ್ಕೂ ಹಚ್ಚಿಬಿಟ್ಟೆ. ಆ ಮನೆಯವರು ಇನ್ನೂ ಬಂದಿರಲಿಲ್ಲ, ಒಂದು ಉಪಕಾರ ಆಯಿತು ಅಂದುಕೊಂಡೆ.

ಅಷ್ಟೇ. ಅತ್ತೆ ನೋಡಿ ಎದೆ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ನೇಗಿಲ ಕಂಬದ ಮನೆಯಾಕೆ ಬಂದು, ಕಂಬ ಮುಟ್ಟಿ ನೋಡಿ, ಕೈಗೆ ಎಣ್ಣೆ ಅಂಟಿದ್ದು ಕಂಡು, "ನಮ್ ಮನೇಲಿ ಗಂಡಸ್ರು ಮಕ್ಳು ಎಲ್ಲಾ ಸತ್ತೋದ್ರಾ?" ಅಂದವರು ಬಟ್ಟೆ ಅಲ್ಲೇ ಬಿಸಾಕಿ ಹೋದರು. ಮುಂದಿನ ಕ್ರಿಸ್‌ಮಸ್‌ವರೆಗೂ ಆಕೆ ನನ್ನ ಮುಖ ನೋಡಲಿಲ್ಲ. ನನಗೆ ತಲೆ ಬುಡ ಗೊತ್ತಾಗದೆ ಹೊಸ್ತಿಲ ಹತ್ತಿರ ನಿಂತು ಅಳುತ್ತಿದ್ದೆ. ಬಾಗಿಲ ಪಕ್ಕದ ಕಂಬಕ್ಕೆ ಎಣ್ಣೆ ತಿಕ್ಕುತ್ತಿದ್ದ ಒಬ್ಬರು ಹೊರಗೆ ಬಂದು ಹೊಸ್ತಿಲ ಮೇಲೆ ಕೂತರು. ಹುಬ್ಬಿನ ತುಂಬ ಪುಡಿ. ಆಚಾರ್ರನ್ನು ನಾನು ಮೊದಲು ಮಾತಾಡಿಸಿದ್ದು ಆವತ್ತು.

"ನೀವೇನ್ ಮಾಡುದ್ರಿ ಗೊತ್ತಾ ಟೀಚ್ರಮ್ಮ? ವಂಶ ನಿಂತೋದ ಮನೆ ಕಂಬಕ್ಕೆ ಮಾತ್ರ ಬೇರೆಯೋರು ಎಣ್ಣೆ ಹಚ್ಚೋದು. ಅವರ ಮನೇಲಿ ದೀಪ ಹಚ್ಚೋರು ಇಲ್ಲ ಅಂತ ಹೇಳ್ದಂಗಾಯ್ತು" ಅಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಳುತ್ತಿದ್ದೇನೆ, ಅವರು ನಗುತ್ತಿದ್ದಾರೆ. ಇದೆಂಥ ಮನುಷ್ಯ ಅನ್ನಿಸಿತು.

ಚರ್ಚಿನ ಚರಿತ್ರೆ ಅವರು ನನಗೆ ಹೇಳಿದ್ದೂ ಆವತ್ತೇ. ಬರೆದಿಟ್ಟ ಚರಿತ್ರೆ ಅಂತ ನಮ್ಮ ಚರ್ಚಿಗೆ ಏನೂ ಇರಲಿಲ್ಲ, ಆಚಾರ್ರ ಬಾಯಲ್ಲಿ ಇದ್ದದ್ದೇ ಚರಿತ್ರೆ. ಬಹಳ ಹಿಂದೆ ಒಬ್ಬರು ಬಿಳೀ ಸ್ವಾಮಿ ಬಂದರಂತೆ. ತಮ್ಮ ದೇಶದ ಕಲ್ಲಿನ ಚರ್ಚಿನ ಚಿತ್ರವೊಂದನ್ನು ತೋರಿಸಿ ಇಂಥದ್ದು ಕಟ್ಟಬೇಕು ಅಂದರಂತೆ. ಕಲ್ಲು ತರಿಸುವ ತಾಕತ್ತು ಯಾರಿಗಿತ್ತು? ಸ್ವಾಮಿ ಆಚಾರ್ರ ಮುತ್ತಾತನನ್ನು ಕರೆಸಿ, ಮರದಲ್ಲಿ ಆಗುತ್ತದಾ ಅಂತ ಕೇಳಿದರು. ಮುತ್ತಾತನಿಗೆ ಚಿತ್ರ ಅರ್ಥವಾಗಲಿಲ್ಲ, ಕಮಾನು ಮೇಲೆ ಹೋಗಿ ಹೇಗೆ ಕೂಡುತ್ತದೆ ಅಂತ ತಿಳಿಯಲಿಲ್ಲ. ಆಗ ಸ್ವಾಮಿ ಎರಡೂ ಕೈ ತಲೆಯ ಮೇಲೆತ್ತಿ ಮುಗಿದು ನಿಂತರು. "ಇಂಗೆ ಅಂದ್ರಂತೆ. ಅಷ್ಟೇ ಸಾಕಾಯ್ತು ಕಣಮ್ಮ ನಮ್ ಮುತ್ತಾತಂಗೆ." ಮನೆಗೊಂದು ಮರ ಕೊಟ್ಟರು. ಯಾರ ಮರವೋ ಅವರ ಕಂಬ. ಓದು ಬರಹ ಇಲ್ಲದ ಜನ, ಹೆಸರಿನ ಬದಲು ಗುರುತು ಕೊರೆಸಿಕೊಂಡರು. ಹನ್ನೊಂದು ಮನೆಯಿಂದ ಹನ್ನೊಂದು ಮರ ಬಂತು, ಹನ್ನೆರಡನೆಯದು ಬರಲಿಲ್ಲ. ಮುತ್ತಾತ ತನ್ನ ಹೊಸ ಮನೆಗೆ ಅಂತ ಇಟ್ಟುಕೊಂಡಿದ್ದ ಹೊನ್ನೆಯ ದಿಮ್ಮಿಯನ್ನೇ ಉರುಳಿಸಿಕೊಂಡು ಬಂದ. ಅದರ ಮೇಲೆ ಒಂದು ಉಳಿಯ ಗುರುತು ಕೊರೆದ. ಬಾಗಿಲ ಪಕ್ಕದ ಆ ಕಂಬವೇ ಆಚಾರ್ರ ಕಂಬ.

ಈ ಕಥೆಯನ್ನು ಆಚಾರ್ರು ಊರಿಗೆ ಬಂದ ಯಾರನ್ನೂ ಬಿಡದೆ ಹೇಳುತ್ತಿದ್ದರು. ಓಟು ಕೇಳಲು ಬಂದವರಿಗೆ, ದನದ ಡಾಕ್ಟರಿಗೆ, ಪಾತ್ರೆ ಮಾರುವವನಿಗೆ. ಎಲ್ಲರನ್ನೂ ಕೈ ಹಿಡಿದು ಎಳೆದುಕೊಂಡು ಹೋಗಿ ಉಳಿಯ ಗುರುತು ತೋರಿಸುತ್ತಿದ್ದರು. ಹೇಳಿದಾಗಲೆಲ್ಲ ಒಂದಿಷ್ಟು ಬದಲಾಗುತ್ತಿತ್ತು. ಬಿಳೀ ಸ್ವಾಮಿ ಒಂದು ಸಲ ಕುದುರೆಯ ಮೇಲೆ ಬಂದರೆ ಇನ್ನೊಂದು ಸಲ ಮೇನೆಯಲ್ಲಿ ಬರುತ್ತಿದ್ದರು. ಕೇಳಿದರೆ, "ನೀವು ನೋಡಿದ್ರಾ?" ಅನ್ನುತ್ತಿದ್ದರು. ನೀವು ನೋಡಿದ್ರಾ ಅಂತ ತಿರುಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪೂಜೆಗೆ ಅವರು ಒಳಗೆ ಬರುತ್ತಿರಲಿಲ್ಲ. ಭಾನುವಾರ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಹೊರಗಡೆ ಕೂತು ಹಾಡು ಮುಗಿಯುವವರೆಗೂ ಇದ್ದು ಎದ್ದು ಹೋಗುತ್ತಿದ್ದರು. ಆಯುಧಪೂಜೆಯಲ್ಲಿ ಉಳಿ ಬಾಚಿಗೆಲ್ಲ ಕುಂಕುಮ ಇಟ್ಟರೂ ಕಂಬಕ್ಕೆ ಇಡುತ್ತಿರಲಿಲ್ಲ. "ನಿಮ್ ದೇವ್ರ ಮನೇಲಿ ನಿಮ್ ಪದ್ಧತಿ" ಅನ್ನುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಬಾಗಿಲು ತೆಗೆದು ಹಾಕಿ ನೋಡಿ, ಅದನ್ನು ಮಾಡಿದವನಿಗೆ ಮನಸಾರೆ ಬಯ್ದು, ಆಮೇಲೆ ಕುಶಲ ವಿಚಾರಿಸುತ್ತಿದ್ದರು.

ಅವರದೊಂದು ಮಾತಿತ್ತು, "ನೀರು ಎಲ್ಲಿಂದ ಬತ್ತದೆ ನೋಡಿ." ಗೋಡೆ ಒದ್ದೆಯಾದರೆ ಗೋಡೆ ಒರೆಸಿ ಪ್ರಯೋಜನವಿಲ್ಲ, ನೀರು ಬರುವ ಜಾಗ ಹುಡುಕಬೇಕು ಅನ್ನುವುದು ಅವರ ಲೆಕ್ಕ. ಎಲ್ಲದಕ್ಕೂ ಅದನ್ನೇ ಹೇಳುವರು. ಒಮ್ಮೆ ನಾನೂ ನಮ್ಮ ಯಜಮಾನರೂ ಮಾತು ಬಿಟ್ಟಿದ್ದೆವು. ಅಡುಗೆಮನೆ ಕಿಟಕಿ ಸರಿಮಾಡಲು ಬಂದ ಆಚಾರ್ರು, ನಾನು ಯಜಮಾನರ ತಟ್ಟೆಯನ್ನು ಕುಕ್ಕಿ ಇಟ್ಟದ್ದನ್ನು ಕೇಳಿಸಿಕೊಂಡರು. "ಉಪ್ಪು ಜಾಸ್ತಿ ಅಂದ್ರು ಅಂತ ಇಷ್ಟು ಕೋಪ ಬರಲ್ಲ ಟೀಚ್ರಮ್ಮ. ನೀರು ಬೇರೆ ಎಲ್ಲಿಂದಲೋ ಬತ್ತಾ ಅದೆ" ಅಂದರು. ನಿಜಕ್ಕೂ ಬೇರೆ ಕಡೆಯಿಂದಲೇ ಬರುತ್ತಿತ್ತು. ನನ್ನ ತಂಗಿಯ ಮಗುವಿನ ಜ್ಞಾನಸ್ನಾನಕ್ಕೆ ಇವರು ಬಂದಿರಲಿಲ್ಲ, ನಾನು ಅದನ್ನು ಒಂದು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಆ ರಾತ್ರಿ ಅವರ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ, ಹಗುರವಾಯಿತು. ನಮ್ಮ ಸಂಸಾರಕ್ಕೆ ಆ ಮನುಷ್ಯ ಹೀಗೆ ಎಷ್ಟೋ ಸಲ ಆಸರೆ ಕೊಟ್ಟಿದ್ದಾರೆ.

ಇಷ್ಟಿರುವಾಗ ಒಂದು ಮಳೆಗಾಲ ಚರ್ಚಿನ ಬಲಗಡೆ ಸೂರು ತಗ್ಗಿತು. ಹೆಂಚು ಜಾರಿ ಪೂಜೆಯ ನಡುವೆ ಬೆಂಚಿನ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದರು. ಆಗ ನಮ್ಮಲ್ಲಿದ್ದ ಗುರುಗಳು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವರಿಗೆ ನಿದ್ದೆ ಹತ್ತಲಿಲ್ಲವಂತೆ. ಮೈಸೂರಿನಿಂದ ಒಬ್ಬ ಇಂಜಿನಿಯರನ್ನು ಕರೆಸಿದರು. ಅವರು ನೋಡಿ, ಇದು ಉಳಿಯುವ ಕಟ್ಟಡವಲ್ಲ, ಕೆಡವಿ ಆರ್‌ಸಿಸಿ ಹಾಕಿಬಿಡಿ ಅಂದರು.

ಭಾನುವಾರ ಪೂಜೆಯಾದ ಮೇಲೆ ಸಭೆ ಸೇರಿತು. ಅರ್ಧ ಜನಕ್ಕೆ ಹೊಸ ಚರ್ಚಿನ ಆಸೆ, ಅದರಲ್ಲಿ ತಪ್ಪೇನೂ ಇಲ್ಲ, ಪಕ್ಕದೂರಿನಲ್ಲೆಲ್ಲ ಸಿಮೆಂಟಿನದು ಎದ್ದಿತ್ತು. ಇನ್ನರ್ಧ ಜನ ಅಳುತ್ತಿದ್ದರು. ಆಚಾರ್ರು ಬಾಗಿಲಲ್ಲಿ ಕೂತಿದ್ದವರು ಎದ್ದು, ಚಪ್ಪಲಿ ಬಿಟ್ಟು, ಮೊದಲ ಸಲ ಸಭೆಯ ನಡುವೆ ಬಂದರು. ಬಲಸಾಲಿನ ಕಂಬಗಳನ್ನು ಗೆಣ್ಣಿನಿಂದ ಬಡಿಯುತ್ತ ಹೋದರು. ಕಂಬಗಳು ಗಟ್ಟಿಯಾಗಿ ಟಕ್ ಟಕ್ ಅಂದವು. ಮೀನಿನ ಗುರುತಿನ ಕಂಬ ಮಾತ್ರ ಖಾಲಿ ಡಬ್ಬದ ಹಾಗೆ ಸದ್ದು ಮಾಡಿತು. ಆಚಾರ್ರು ಹೆಬ್ಬೆರಳಿಂದ ಒತ್ತಿದರು, ಬೆರಳು ಒಳಗೆ ಹೋಯಿತು.

"ಕಾಯಿಲೆ ಇದೊಂದಕ್ಕೆ ಸ್ವಾಮಿ. ಇದನ್ನ ಬದಲಾಯಿಸಿದ್ರೆ ಸೂರು ಎದ್ದು ನಿಲ್ತದೆ" ಅಂದರು.

"ಇಷ್ಟು ಗೆದ್ದಲು ಹಿಡಿಯೋವರೆಗೆ ಯಾರೂ ನೋಡಲಿಲ್ಲವಾ?" ಅಂತ ಗುರುಗಳು ಕೇಳಿದರು.

ನೋಡದೇನು, ಎಲ್ಲರೂ ನೋಡಿದ್ದೆವು. ಗೆದ್ದಲಿನ ಮಣ್ಣಿನ ಗೆರೆ ಕಂಬ ಹತ್ತುತ್ತಿದ್ದದ್ದು ಎರಡು ಮೂರು ವರ್ಷದಿಂದ ಕಾಣುತ್ತಿತ್ತು. ಆದರೆ ಅದು ಮೀನಿನ ಮನೆಯವರ ಕಂಬ. ಅವರು ನಾನು ಬರುವುದಕ್ಕೆ ಮುಂಚೆಯೇ ಊರು ಬಿಟ್ಟು ಕಿಕ್ಕೇರಿಗೆ ಹೋಗಿದ್ದರು. ಎಲ್ಲೋ ಚೆನ್ನಾಗಿ ಬದುಕಿರುವ ಮನೆಯವರ ಕಂಬಕ್ಕೆ ಎಣ್ಣೆ ಹಚ್ಚಿ, ಅವರ ವಂಶ ನಿಂತು ಹೋಯಿತು ಅಂತ ಯಾರು ಹೇಳುತ್ತಾರೆ? ಅಷ್ಟು ಕೆಟ್ಟವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಹೀಗೆ ಎಲ್ಲರೂ ಮರ್ಯಾದಸ್ಥರಾಗಿದ್ದೇ ಚರ್ಚು ಬೀಳುವ ಹಾಗಾಯಿತು. ಗುರುಗಳು ತಲೆ ಮೇಲೆ ಕೈ ಹೊತ್ತು ಕೂತರು. ಹಾಗಾದರೆ ಅದನ್ನು ತೆಗೆದು ಬೇರೆ ನಿಲ್ಲಿಸಿ ಅಂದರು. ಅದಕ್ಕೂ ಹಿರಿಯರು ಒಪ್ಪಲಿಲ್ಲ, ಅವರನ್ನು ಕೇಳದೆ ಅವರ ಕಂಬ ಕೀಳುವುದು ಹೇಗೆ? ಕ್ರಿಸ್‌ಮಸ್ ಒಳಗೆ ಏನಾದರೂ ಮಾಡಿ, ಇಲ್ಲದಿದ್ದರೆ ನಾನು ಕೆಡವಿಸುತ್ತೇನೆ, ಮಕ್ಕಳ ತಲೆ ಮೇಲೆ ಬೀಳುವುದನ್ನು ಕಾಯಲಾರೆ ಅಂದರು ಗುರುಗಳು.

ಮೀನಿನ ಮನೆಯವರನ್ನು ಕೇಳಿಕೊಂಡು ಬರುತ್ತೇನೆ ಅಂತ ಹೊರಟವರು ಆಚಾರ್ರು. ಸಭೆಯ ಕಡೆಯಿಂದ ಒಬ್ಬರು ಇರಲಿ ಅಂತ ನನ್ನನ್ನು ಕರೆದರು. ಪಾಂಡವಪುರದಲ್ಲಿ ಬಸ್ಸು ಹತ್ತಿ, ಕೆ.ಆರ್. ಪೇಟೆಯಲ್ಲಿ ಇಳಿದು, ಕಿಕ್ಕೇರಿ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಆಚಾರ್ರು ಮೀನಿನ ಮನೆಯವರಿಗೆ ಏನೇನು ಬಯ್ಯಬೇಕು ಅಂತ ನನ್ನ ಮುಂದೆ ಅಭ್ಯಾಸ ಮಾಡಿದರು. ನಡುವೆ ಬಸ್ಸಿನ ಬಾಡಿ ಕಟ್ಟಿದವನಿಗೂ ಒಂದಿಷ್ಟು ಬಯ್ದರು.

ಆ ಮನೆಯ ಹಿರಿಯ ಸೊಸೆ ಕಿಕ್ಕೇರಿ ಬಸ್‌ಸ್ಟ್ಯಾಂಡ್ ಪಕ್ಕ ಸಣ್ಣ ಹೋಟ್ಲು ಇಟ್ಟಿದ್ದರು. ಗಂಡ ತೀರಿಕೊಂಡ ಹೆಂಗಸು, ಬೆಳ್ಳಗಾದ ತಲೆ, ಇಡ್ಲಿ ತಟ್ಟೆ ಎತ್ತುವ ಕೈ ಮಾತ್ರ ಚುರುಕು. ಆಚಾರ್ರನ್ನು ನೋಡಿದ ಕೂಡಲೇ ಗುರುತು ಹಿಡಿದರು. ಬನ್ನಿ ಅನ್ನಲಿಲ್ಲ.

"ಏನ್ ಆಚಾರ್ರೇ, ದಾರಿ ತಪ್ಪಿ ಬಂದ್ರಾ?"

"ತಪ್ಪಿಲ್ಲ ಕಣಮ್ಮ, ನಿಮ್ಮನ್ನೇ ಹುಡುಕ್ಕಂಡು ಬಂದೆ. ನಿಮ್ ಕಂಬಕ್ಕೆ ಗೆದ್ಲು ಬಿದ್ದು ಟೊಳ್ಳಾಗದೆ. ಊರು ಬುಟ್ಟು ಬಂದ್ರಿ, ಸರಿ. ವರ್ಷಕ್ಕೊಂದು ದಿನ ಬಂದು ಒಂಚೂರು ಎಣ್ಣೆ ಹಚ್ಚಕ್ಕಾಗಲಿಲ್ವಾ? ಇಡೀ ಚರ್ಚೇ ಈಗ ಬೀಳಂಗಾಗದೆ."

ಆಕೆ ಗಿರಾಕಿಯೊಬ್ಬರಿಗೆ ಚಟ್ನಿ ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದರು. "ನನ್ ಗಂಡ ಸತ್ತಾಗ ಪೆಟ್ಟಿಗೆ ಮಾಡಿಕೊಟ್ಟೋರು ನೀವೇ ಅಲ್ವಾ?"

"ಹೂಂ. ನಾನೇ."

"ಒಳ್ಳೇ ಪೆಟ್ಟಿಗೆ. ಹಲಸಿನ ಹಲಗೆ. ಅದನ್ನ ಎತ್ತಕ್ಕೆ ಬೀದೀಲಿ ಒಂದು ಹೆಗಲು ಬರಲಿಲ್ಲ."

ಆ ಮನುಷ್ಯ ಕುಡಿಯುತ್ತಿದ್ದರಂತೆ, ಬದುವಿನ ವಿಷಯಕ್ಕೆ ಹಿರಿಯರ ಜೊತೆ ಜಗಳವಾಗಿ ಚರ್ಚಿಗೆ ಬರುವುದನ್ನೂ ಬಿಟ್ಟಿದ್ದರಂತೆ. ಇದು ನನಗೆ ಅತ್ತೆಯಿಂದ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ. ಸತ್ತಾಗ ಯಾರೂ ಮುಂದೆ ಬರದೆ, ಪೆಟ್ಟಿಗೆಯನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಈಕೆಯೇ ಗಾಡಿ ಹೊಡೆದುಕೊಂಡು ಸಮಾಧಿಗೆ ಹೋದರಂತೆ.

"ನೀವೂ ಅಲ್ಲೇ ನಿಂತಿದ್ರಿ ಆಚಾರ್ರೇ. ನಿಮ್ ಮನೆ ಜಗುಲಿ ಮೇಲೆ."

ಆಚಾರ್ರ ಹುಬ್ಬು ಇಳಿದಿತ್ತು. "ನಾನು ಬೇರೆ ಜನ ಕಣಮ್ಮ. ಹೆಗಲು ಕೊಡೋದು ನಿಮ್ಮೋರ ಹಕ್ಕು. ನಡುವೆ ನಾನು ಕೈ ಹಾಕುದ್ರೆ ನಿಮ್ಮೋರಿಗೆ ಅವಮಾನ ಆಯ್ತದೆ ಅಂತ ಸುಮ್ಕಿದ್ದೆ."

"ಎಲ್ರೂ ಅಂಗೇ ಸುಮ್ಕಿದ್ರು. ಒಬ್ರ ಹಕ್ಕಿಗೆ ಇನ್ನೊಬ್ರು ಮರ್ಯಾದೆ ಕೊಟ್ಕಂಡು ನಿಂತಿದ್ರು. ನಾನು ಗಾಡಿ ಹೊಡ್ದೆ."

ಆಕೆ ಅಳಲಿಲ್ಲ, ಧ್ವನಿಯನ್ನೂ ಎತ್ತಲಿಲ್ಲ. ನನಗೇ ಅಲ್ಲಿ ಕೂರಲು ಆಗಲಿಲ್ಲ. ಇನ್ನೊಬ್ಬ ಗಿರಾಕಿಗೆ ತಟ್ಟೆ ಕೊಟ್ಟು ಬಂದು, "ಕಂಬ ತೆಗೀರಿ. ಯಾವ ಮರಾನಾದ್ರೂ ನಿಲ್ಸ್ಕಳಿ, ನನ್ದೇನೂ ಅಡ್ಡಿಯಿಲ್ಲ" ಅಂದು ಇಬ್ಬರಿಗೂ ಇಡ್ಲಿ ಹಾಕಿ ಕಾಫಿ ಕೊಟ್ಟರು. ಆಚಾರ್ರು ತಲೆ ತಗ್ಗಿಸಿ ತಿಂದು, ತಟ್ಟೆಯನ್ನು ತಾವೇ ತೊಳೆದಿಟ್ಟರು.

ವಾಪಸು ಬರುವಾಗ ಮಾತಿಲ್ಲ. ಅಷ್ಟು ಹೊತ್ತು ಆ ಬಾಯಿ ಸುಮ್ಮನಿದ್ದದ್ದು ನಾನು ಕಂಡದ್ದು ಅದೇ ಮೊದಲು. ಕೆ.ಆರ್. ಪೇಟೆ ದಾಟಿದ ಮೇಲೆ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು. "ಗೆದ್ಲು ಏರ್ತಾ ಇದ್ದಿದ್ದ ಎಲ್ರಿಗಿಂತ ಮೊದ್ಲು ನೋಡ್ದೋನು ನಾನು ಟೀಚ್ರಮ್ಮ. ನಮ್ ಕಂಬಕ್ಕೆ ಹಚ್ಚಿ ಉಳ್ದಿದ್ದ ಎಣ್ಣೆ ಸೀಸೆ ಕೈಲೇ ಇತ್ತು. ಒಂದು ಸೌಟು ಹುಯ್ದಿದ್ರೆ ಆಗೋಗಿತ್ತು."

ಕಂಬಕ್ಕೆ ಮರ ಶ್ರೀರಂಗಪಟ್ಟಣದಿಂದ ಬಂತು. ಅಲ್ಲಿ ಯಾರೋ ಹಳೆಯ ಮನೆ ಬಿಚ್ಚುತ್ತಿದ್ದರು, ಅದರ ತೇಗದ ತೊಲೆಯೊಂದನ್ನು ಎಲ್ಲರೂ ಸೇರಿ ಕೊಂಡು ಟ್ರಾಕ್ಟರಿನಲ್ಲಿ ತಂದೆವು. ಆಚಾರ್ರು ಸೂರಿಗೆ ನೀಲಗಿರಿ ಮರದ ಆಸರೆ ಕೊಟ್ಟು, ಟೊಳ್ಳು ಕಂಬ ಬಿಡಿಸಿ, ತೊಲೆಯನ್ನು ಕೆತ್ತಿ ಅಣಿ ಮಾಡಿದರು. ನಿಲ್ಲಿಸುವ ದಿನ ಕ್ರೈಸ್ತರ ಬೀದಿ, ಒಕ್ಕಲಿಗರ ಬೀದಿ ಎರಡೂ ಬಂದಿತ್ತು. ಆಚಾರ್ರು ಎಲ್ಲರಿಗೂ ಲೇ, ಲಾ ಅಂತ ಕೂಗುತ್ತಿದ್ದರು. "ಎತ್ತಲಾ ಮೇಲಕ್ಕೆ, ಹೆಂಡ್ತಿ ಸೀರೆ ಒಗೆಯಂಗೆ ಹಿಡ್ಕಂಡಿದ್ದೀಯಲ್ಲಾ" ಅಂತ ಪಂಚಾಯ್ತಿ ಮೆಂಬರಿಗೇ ಬಯ್ದರು. ಮಧ್ಯಾಹ್ನದ ಹೊತ್ತಿಗೆ ಕಂಬ ಕೂತಿತು. ತಗ್ಗಿದ್ದ ಸೂರು ನೆಟ್ಟಗಾಯಿತು. ಗುರುಗಳು ಆಚಾರ್ರ ಎರಡೂ ಕೈ ಹಿಡಿದುಕೊಂಡರು, ಕೆಡವುವ ಮಾತು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ನೇಗಿಲ ಕಂಬದ ಯಜಮಾನರು ಕೇಳಿದರು, "ಇದಕ್ಕೆ ಏನ್ ಗುರುತು ಕೊರೀತೀರಾ ಆಚಾರ್ರೇ?"

"ಗುರುತಿಲ್ಲ."

"ಗುರುತಿಲ್ದೆ ಎಣ್ಣೆ ಹಚ್ಚೋರು ಯಾರು?"

"ಯಾರ್ ಕೈಲಿ ಬಟ್ಟೆ ಇರ್ತದೋ ಅವ್ರು. ಇದಕ್ಕೆ ಮಾತ್ರ ಅಲ್ಲ, ಎಲ್ಲದುಕ್ಕೂ. ಉಳ್ದ ಹನ್ನೊಂದು ಗುರುತೂ ತೆಗೆದ್ಬುಡಾಣ."

ಗಲಾಟೆ ಎದ್ದಿತು. ತಾತ ಮುತ್ತಾತ ಬಿಟ್ಟು ಹೋದದ್ದು ಅದೊಂದೇ ಗುರುತು, ಅದನ್ನು ಕೆರೆಯುವುದು ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಆಚಾರ್ರು ಬಿಡಲಿಲ್ಲ. "ಇವತ್ತು ಮೀನಿಗೆ ಬಂತು. ನಾಳೆ ನಿಮ್ ಮಕ್ಳು ಊರು ಬುಟ್ಟು ವೋದ್ರೆ ನೇಗಿಲಿಗೆ ಬತ್ತದೆ. ಆಗ್ಲೂ ಮರ್ಯಾದೆ ಕೊಟ್ಕಂಡು ನಿಂತಿರಾಣ್ವಾ?" ಅಂದರು. ಯಜಮಾನರ ಮುಖ ಕೆಂಪಗಾಯಿತು. "ಇನ್ನೊಬ್ರ ಮನೆ ಗುರುತು ಕೆರೆಯಕ್ಕೆ ನೀವ್ಯಾರು? ಅಷ್ಟಿದ್ರೆ ಮೊದ್ಲು ನಿಮ್ದು ತೆಗೀರಿ, ನೋಡಾಣ" ಅಂದರು. ಅಲ್ಲಿಗೆ ಮಾತು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ದನದ ಡಾಕ್ಟರನ್ನೂ ಬಿಡದೆ ಎಳೆತಂದು ಆ ಗುರುತು ತೋರಿಸಿದ ಮನುಷ್ಯ. ಬೆರಳು ಬೇಕಾದರೆ ಕತ್ತರಿಸಿ ಕೊಟ್ಟಾರು, ಅದನ್ನು ಕೊಡುವರೇ?

ಆಚಾರ್ರು ಕೆಳಗಿದ್ದ ಉಜ್ಜುಗೊರಡು ಎತ್ತಿಕೊಂಡು ಬಾಗಿಲ ಪಕ್ಕದ ಕಂಬಕ್ಕೆ ಹೋದರು. ಮುತ್ತಾತ ಕೊರೆದ ಉಳಿಯ ಮೇಲೆ ಅಂಗೈ ಇಟ್ಟು ನಿಂತರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಆಮೇಲೆ ಉಜ್ಜಿದರು. ಮೊದಲ ಎಳೆತಕ್ಕೆ ಕೊರೆದಿದ್ದ ಉಳಿಯ ಹಿಡಿ ಅಳಿಸಿ ಹೋಯಿತು. ಹೊನ್ನೆಯ ಕೆಂಪು ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ಕಾಲ ಮೇಲೆ ಬಿತ್ತು. ನಡುವೆ ಒಮ್ಮೆ ಕೈ ನಿಂತಿತು. ಕಣ್ಣು ಒರೆಸಿಕೊಂಡು, ಪುಡಿ ಬಿತ್ತು ಅಂತ ಯಾರೂ ಕೇಳದಿದ್ದರೂ ಹೇಳಿ, ಮತ್ತೆ ಉಜ್ಜಿದರು. ಕಂಬ ನುಣ್ಣಗಾಯಿತು.

ನಮ್ಮತ್ತೆ ಪೊರಕೆ ತಂದು ಸಿಪ್ಪೆ ಗುಡಿಸಿದರು. ಗುಡಿಸಿ ಮುಗಿಸಿ, "ನಮ್ ತೆಂಗಿನ ಗರೀನೂ ತೆಗೆದ್ಬುಡಿ ಆಚಾರ್ರೇ" ಅಂದರು. ಅವರು ಬಹಳ ಮಾತಿನವರಲ್ಲ, ನನ್ನ ಅತ್ತೆಯ ಮೇಲೆ ನನಗೆ ಅಷ್ಟು ಅಭಿಮಾನ ಬಂದದ್ದು ಇನ್ಯಾವತ್ತೂ ಇಲ್ಲ. ಆವತ್ತು ನಾಲ್ಕೈದು ಗುರುತು ಹೋಯಿತು. ಉಳಿದವರು ಮನೆಗೆ ಹೋಗಿ ಯೋಚಿಸಿ, ಒಬ್ಬೊಬ್ಬರೇ ಬಂದು ಹೇಳಿದರು. ನೇಗಿಲು ಎಲ್ಲಕ್ಕಿಂತ ಕೊನೆಗೆ, ಎಣ್ಣೆ ಶನಿವಾರದ ಹಿಂದಿನ ದಿನ ಹೋಯಿತು. ಅದನ್ನು ತೆಗೆಸಿದ್ದು ಯಜಮಾನರಲ್ಲ, ನನ್ನ ಮುಖ ನೋಡದಿದ್ದ ಅವರ ಮನೆಯಾಕೆ.

ಆ ಶನಿವಾರ ಕಿಕ್ಕೇರಿಯ ಹೆಂಗಸು ಬರಬಹುದು ಅಂತ ನಾನು ನಾಲೆ ಏರಿಯ ಕಡೆ ನೋಡಿದ್ದೇ ಬಂತು. ಬರಲಿಲ್ಲ. "ಬರದಿದ್ರೆ ಬುಡಿ ಟೀಚ್ರಮ್ಮ, ಬರ್ಬೇಕು ಅನ್ನಕ್ಕೆ ನಮ್ಗೆ ಯಾವ ಮುಖ ಅದೆ" ಅಂದರು ಆಚಾರ್ರು. ಅವರು ಆ ವರ್ಷ ಎಣ್ಣೆ ಶುರುಮಾಡಿದ್ದು ಪೀಠದ ಕಡೆಯಿಂದ. ಚರ್ಚಿನ ಕಥೆ ಹೇಳುವುದನ್ನೇನೂ ಬಿಡಲಿಲ್ಲ, ಬಿಳೀ ಸ್ವಾಮಿ ಕುದುರೆಯಿಂದ ಆನೆಗೆ ಹತ್ತಿದ್ದರು. ಆದರೆ ನಮ್ಮ ಕಂಬ ಅನ್ನುವ ಮಾತು ಮಾತ್ರ ಆಮೇಲೆ ಅವರ ಬಾಯಲ್ಲಿ ನಾನು ಕೇಳಲಿಲ್ಲ. ನಿಮ್ಮ ಮುತ್ತಾತನ ಕಂಬ ಯಾವುದು ಅಂತ ಕೇಳಿದವರಿಗೆ, "ಯಾವ್ದೋ ಒಂದು, ಇಲ್ಲೇ ಎಲ್ಲೋ" ಅನ್ನುತ್ತಿದ್ದರು. ಆ ಮಾತು ಹೇಳುವಾಗ ಅವರಿಗೆ ಎಷ್ಟು ಸಂಕಟ ಅಂತ ನನಗೆ ಗೊತ್ತಾಗುತ್ತಿತ್ತು. ಆಗೆಲ್ಲ ಏನಾದರೂ ನೆವ ಮಾಡಿ ಕಾಫಿಗೆ ಕರೆಯುತ್ತಿದ್ದೆ.

ಆ ದಶಕ ಮುಗಿಯುವ ಹೊತ್ತಿಗೆ ಆಚಾರ್ರು ತೀರಿಕೊಂಡರು. ಕೆಲಸದ ಚಾವಡಿಯಲ್ಲೇ, ಯಾರದೋ ಮನೆಯ ಬಾಗಿಲ ಹಲಗೆಗೆ ಒರಗಿ ಕೂತವರು ಏಳಲಿಲ್ಲ. ನಮ್ಮ ಬೀದಿಯ ಗಂಡಸರೆಲ್ಲ ಹೋದರು. ಹೆಗಲು ಕೊಡುವುದು ಯಾರ ಹಕ್ಕು ಅಂತ ಆವತ್ತು ಯಾರೂ ಕೇಳಲಿಲ್ಲ, ನೇಗಿಲ ಮನೆಯ ಯಜಮಾನರು ಆ ವಯಸ್ಸಿನಲ್ಲೂ ಹೆಗಲು ಬದಲಾಯಿಸಲು ಬಿಡದೆ ಕೊನೆಯವರೆಗೆ ನಡೆದರು.

ಆಚಾರ್ರಿಗೆ ಒಬ್ಬನೇ ಮಗ. ಅವನು ಚಿಕ್ಕಂದಿನಿಂದಲೂ ನಾಗಮಂಗಲದಲ್ಲಿ ಸೋದರಮಾವನ ಮನೆಯಲ್ಲೇ ಬೆಳೆದು, ಅಲ್ಲೇ ಚಿನ್ನಬೆಳ್ಳಿ ಕೆಲಸ ಕಲಿತು ಅಂಗಡಿ ಇಟ್ಟವನು. ಅಪ್ಪನಿಗೂ ಅವನಿಗೂ ಅಷ್ಟಕ್ಕಷ್ಟೆ, ಚರ್ಚಿನೊಳಗೆ ಅವನು ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಹೋದ ಮುಂದಿನ ಎಣ್ಣೆ ಶನಿವಾರ ಆ ಹುಡುಗ ಒಂದು ಸೀಸೆ ಹೊಂಗೆ ಎಣ್ಣೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಒಳಗೆ ಊರಿಗೆ ಊರೇ ಬಟ್ಟೆ ಹಿಡಿದು ಓಡಾಡುತ್ತಿತ್ತು. ಅವನು ನನ್ನನ್ನು ಹುಡುಕಿಕೊಂಡು ಹತ್ತಿರ ಬಂದ.

"ಟೀಚರ್, ನಮ್ಮಪ್ಪನ ಕಂಬ ಯಾವ್ದು?"

ನನಗೆ ಗೊತ್ತಿರಲಿಲ್ಲವೇ? ಕಣ್ಣು ಮುಚ್ಚಿಕೊಂಡು ಹೋಗಿ ಮುಟ್ಟಿ ಬರುವಷ್ಟು ಗೊತ್ತಿತ್ತು. ಅಪ್ಪನನ್ನು ಕಳೆದುಕೊಂಡ ಹುಡುಗ, ಕೈತೋರಿಸಿದ್ದರೆ ಒಂದು ಸಮಾಧಾನವಾಗುತ್ತಿತ್ತು. ತೋರಿಸಲು ಕೈಯನ್ನೂ ಎತ್ತಿದೆ. ಆದರೆ ಉಜ್ಜುಗೊರಡು ಹಿಡಿದು ನಿಂತ ಆಚಾರ್ರು ಕಣ್ಣ ಮುಂದೆ ಬಂದರು.

"ಗೊತ್ತಾಗ್ತಿಲ್ಲಪ್ಪ, ಎಲ್ಲಾ ಒಂದೇ ಥರ ಕಾಣ್ತದೆ" ಅಂದೆ. "ಆ ಕಡೆಯಿಂದ ಶುರು ಮಾಡು" ಅಂತ ಪೀಠದ ಕಡೆ ತೋರಿಸಿದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಷರ್ಟಿನ ತೋಳು ಮಡಿಸಿಕೊಂಡು ಪೀಠದ ಹತ್ತಿರದ ಕಂಬಕ್ಕೆ ಹೋಗಿ ಎಣ್ಣೆ ಹಚ್ಚತೊಡಗಿದ. ಚಿನ್ನದ ಕೆಲಸದವನ ಕೈ, ಒಂದೊಂದು ಬಿರುಕನ್ನೂ ಬಿಡದೆ ಹಚ್ಚಿದ. ಒಂದಾದ ಮೇಲೊಂದು ಹಚ್ಚುತ್ತ, ಅವನು ಬಾಗಿಲ ಪಕ್ಕದ ಹೊನ್ನೆಯ ಕಂಬಕ್ಕೆ ಬರುವ ಹೊತ್ತಿಗೆ ಅದಕ್ಕೆ ಆಗಲೇ ಯಾರೋ ಎಣ್ಣೆ ಹಚ್ಚಿ ಹೋಗಿದ್ದರು.